ರೋಮ್ ತನ್ನ ಕೈಯಾರೆ ಹಾಳಾಯಿತೇ? ಪರ – ವಿರೋಧ

ಅಷ್ಟು ದೊಡ್ಡ ಸಾಮ್ರಾಜ್ಯಗಳು ಯಾಕೆ ಬೀಳುತ್ತವೆ ಅಂತ ಯಾರಾದರೂ ಮಾತು ತೆಗೆದರೆ ರೋಮ್ ಬಂದೇ ಬರುತ್ತದೆ. ವಾದಕ್ಕೆ ಇಳಿಯುವ ಮೊದಲು ಒಂದು ವಿಷಯ ಸರಿಮಾಡಿಕೊಳ್ಳೋಣ. 476ರಲ್ಲಿ ಬಿದ್ದದ್ದು ಆ ಸಾಮ್ರಾಜ್ಯದ ಪಶ್ಚಿಮದ ಅರ್ಧ ಮಾತ್ರ. ಇಟಲಿ, ಇವತ್ತಿನ ಫ್ರಾನ್ಸ್ ಇರುವ ಗಾಲ್, ಸ್ಪೇನ್, ಬ್ರಿಟನ್, ಉತ್ತರ ಆಫ್ರಿಕಾ, ಇಷ್ಟು ಸೇರಿದ್ದು ಪಶ್ಚಿಮ. ಕಾನ್‌ಸ್ಟಾಂಟಿನೋಪಲ್‌ನಿಂದ (ಇವತ್ತಿನ ಇಸ್ತಾಂಬುಲ್) ಆಳುತ್ತಿದ್ದ ಪೂರ್ವದ ಅರ್ಧ 1453ರವರೆಗೂ ಬದುಕಿತ್ತು. ಇದನ್ನು ಮರೆತು ಜಗಳ ಆಡುವವರೇ ಜಾಸ್ತಿ.

ಕಾರಣಗಳಿಗಂತೂ ಬರ ಇಲ್ಲ. ಜರ್ಮನಿಯ ಇತಿಹಾಸಕಾರರೊಬ್ಬರು ಬೇರೆಬೇರೆ ವಿದ್ವಾಂಸರು ಹೇಳಿದ ಕಾರಣಗಳನ್ನೆಲ್ಲ 1984ರಲ್ಲಿ ಪಟ್ಟಿ ಮಾಡಿದರು. ಒಟ್ಟು 210 ಆದವು. ಸೀಸದ ವಿಷದಿಂದ ಹಿಡಿದು ಸ್ನಾನಗೃಹದ ಚಟದವರೆಗೆ ಎಲ್ಲವೂ ಅದರಲ್ಲಿದೆ. ಸಾವಿಗೆ ನೂರೆಂಟು ನೆಪ ಅನ್ನುತ್ತಾರೆ. ಇಲ್ಲಿ ನೂರೆಂಟೂ ಸಾಲಲಿಲ್ಲ.

ತಮಾಷೆಯವನ್ನು ಬದಿಗಿಟ್ಟರೆ ಕೊನೆಗೆ ಉಳಿಯುವ ಜಗಳ ಒಂದೇ. ರೋಮನ್ನರು ತಮ್ಮ ಒಳಹುಳುಕಿನಿಂದ ತಾವೇ ಬಿದ್ದರೋ, ಅಥವಾ ಹೊರಗಿನವರು ಬಂದು ಬೀಳಿಸಿದರೋ? ತಾವೇ ಬಿದ್ದರು ಎನ್ನುವ ವಾದ ಮೊದಲು, ಅದಕ್ಕೆ ವಿರೋಧ ಆಮೇಲೆ. ನನ್ನ ಮನಸ್ಸು ಎರಡನೆಯ ಕಡೆಗೇ ವಾಲುತ್ತದೆ. ಅದು ಉದ್ದವಾಗಿರುವುದೂ ಅದಕ್ಕೇ.

ಪರ: ಶತ್ರು ಗಡಿ ದಾಟುವ ಮೊದಲೇ ಮನೆ ಹಾಳಾಗಿತ್ತು

193ನೇ ಇಸವಿ, ಮಾರ್ಚ್ 28. ರೋಮ್ ನಗರದಲ್ಲಿ ಚಕ್ರವರ್ತಿಯ ಮೈಗಾವಲಿಗೆ ಇದ್ದ ದಂಡು ಚಕ್ರವರ್ತಿ ಪರ್ಟಿನಾಕ್ಸ್‌ನನ್ನೇ ಕೊಂದುಹಾಕಿತು. ಆಮೇಲೆ ಮಾಡಿದ ಕೆಲಸ ಇನ್ನೂ ಚೆಂದ. ಸಿಂಹಾಸನವನ್ನು ಹರಾಜಿಗಿಟ್ಟಿತು. ಸತ್ತವನ ಮಾವ ಪಾಳೆಯದ ಗೋಡೆಯ ಒಳಗೆ ನಿಂತು ಒಂದು ಬೆಲೆ ಕೂಗಿದ. ಡಿಡಿಯಸ್ ಜೂಲಿಯಾನಸ್ ಎಂಬ ಶ್ರೀಮಂತ ಗೋಡೆಯ ಹೊರಗೆ ನಿಂತು ಅದಕ್ಕಿಂತ ಮೇಲೆ ಕೂಗಿದ. ಸೈನಿಕನೊಬ್ಬನಿಗೆ 25,000 ಸೆಸ್ಟರ್ಸ್ (ರೋಮನ್ ನಾಣ್ಯ) ಅಂತ ಹರಾಜು ಇತ್ಯರ್ಥವಾಯಿತು. ಕೊಂಡವನು ಆಳಿದ್ದು 66 ದಿನ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಲ್ವಾ?

ಗಮನಿಸಿ, ಆಗ ಹೂಣರ ಹೆಸರನ್ನೇ ರೋಮ್ ಕೇಳಿರಲಿಲ್ಲ. ಮುಂದೆ ರೋಮ್ ಮೇಲೆ ನುಗ್ಗಿದ ಗಾಥರು ಎಂಬ ಜನಾಂಗ ಆಗಿನ್ನೂ ದೊಡ್ಡ ಶತ್ರುವೇ ಆಗಿರಲಿಲ್ಲ. ರೋಗ ಹಿಡಿದದ್ದು ಒಳಗಿನಿಂದಲೇ. ಚಕ್ರವರ್ತಿಯಾಗಲು ವಂಶ ಬೇಕಿಲ್ಲ, ಓಟು ಬೇಕಿಲ್ಲ, ಒಂದು ದಂಡು ಬೆನ್ನಿಗಿದ್ದರೆ ಸಾಕು ಅಂತ ಎಲ್ಲರಿಗೂ ಗೊತ್ತಾಗಿ ಹೋಯಿತು. 235ರಿಂದ 284ರವರೆಗಿನ ಐವತ್ತು ವರ್ಷಗಳಲ್ಲಿ 20ಕ್ಕೂ ಹೆಚ್ಚು ಮಂದಿ ಚಕ್ರವರ್ತಿಗಳಾದರು. 238ನೇ ಇಸವಿ ಒಂದರಲ್ಲೇ ಆರು ಜನ. ಹಾಸಿಗೆಯ ಮೇಲೆ ಸತ್ತವರನ್ನು ಬೆರಳಲ್ಲಿ ಎಣಿಸಬಹುದು.

ಇದರಿಂದ ಗಡಿಗೆ ಏನಾಯಿತು ಅಂತ ನೋಡಿ. ದಂಡು ಇದ್ದದ್ದು ರೈನ್ ಮತ್ತು ಡ್ಯಾನ್ಯೂಬ್ ನದಿಗಳ ದಡದಲ್ಲಿ. ಅಲ್ಲಿಯ ಸೇನಾಪತಿಗೆ ಸಿಂಹಾಸನದ ಆಸೆ ಹುಟ್ಟಿದರೆ ಆ ದಂಡನ್ನೇ ಎಬ್ಬಿಸಿಕೊಂಡು ಇಟಲಿಗೆ ಹೊರಡುತ್ತಿದ್ದ. ಅವನ ಬೆನ್ನ ಹಿಂದೆ ಗಡಿ ಖಾಲಿ. ಆಚೆ ದಡದವರು ಸುಮ್ನೆ ಕೂರುತ್ತಾರಾ? ನುಗ್ಗುತ್ತಿದ್ದರು. ನುಗ್ಗಿದರು ಅಂತ ಅವರನ್ನು ಬೈಯುವುದು, ಬಾಗಿಲು ತೆಗೆದಿಟ್ಟವನನ್ನು ಬಿಡುವುದು ಯಾವ ನ್ಯಾಯ?

ಈ ಹೊಡೆದಾಟಗಳ ಖರ್ಚು ಹೇಗೆ ತೂಗಿಸಿದರು ಅನ್ನುವುದಕ್ಕೆ ನಾಣ್ಯಗಳೇ ಸಾಕ್ಷಿ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತು. ಅಗಸ್ಟಸ್, ಟೈಬೀರಿಯಸ್ ಮುಂತಾದ ಮೊದಮೊದಲ ಚಕ್ರವರ್ತಿಗಳ ಕಾಲದವು. ಅಗಸ್ಟಸ್ ಕಾಲದ ದಿನಾರಿಯಸ್ ಅಂದರೆ ಹತ್ತಿರ ಹತ್ತಿರ ಅಪ್ಪಟ ಬೆಳ್ಳಿ. ಸಮುದ್ರ ದಾಟಿ ಬಂದು, ಇಲ್ಲಿ ಯಾರೋ ಕೂಡಿಡುವಷ್ಟು ಅದಕ್ಕೆ ಬೆಲೆ ಇತ್ತು. 64ರಲ್ಲಿ ನೀರೋ ಅದಕ್ಕೆ ತಾಮ್ರ ಬೆರೆಸಲು ಶುರುಮಾಡಿದ. ಆಮೇಲೆ ಬಂದವರು ಸೈನಿಕರಿಗೆ ಸಂಬಳ ಏರಿಸಿದ ಹಾಗೆಲ್ಲ ಇನ್ನಷ್ಟು ಬೆರೆಸಿದರು. 270ರ ಹೊತ್ತಿಗೆ ಬೆಳ್ಳಿ ನಾಣ್ಯ ಅನ್ನಿಸಿಕೊಂಡದ್ದರಲ್ಲಿ ಬೆಳ್ಳಿ ನೂರಕ್ಕೆ 5ರಷ್ಟೂ ಇರಲಿಲ್ಲ. ಒಳಗೆ ತಾಮ್ರ, ಮೇಲೊಂದು ಬೆಳ್ಳಿ ಲೇಪ. ಜನ ಹಳೆಯ ಒಳ್ಳೆ ನಾಣ್ಯವನ್ನು ಹೂತಿಟ್ಟು ಹೊಸದನ್ನು ಸಂತೆಯಲ್ಲಿ ಸಾಗಹಾಕಿದರು.

284ರಲ್ಲಿ ಬಂದ ಡಯೋಕ್ಲಿಷಿಯನ್ ಮನೆ ರಿಪೇರಿ ಮಾಡಿದ ಅಂತ ಹೊಗಳುತ್ತಾರೆ. ಮಾಡಿದ, ನಿಜ. ಆದರೆ ಆ ರಿಪೇರಿಯ ಖರ್ಚು ಬಿದ್ದದ್ದು ಒಕ್ಕಲಿನವನ ತಲೆ ಮೇಲೆ. ಪ್ರಾಂತ್ಯಗಳ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಅಷ್ಟೂ ಪ್ರಾಂತ್ಯಕ್ಕೆ ಅಧಿಕಾರಿಗಳು, ಗುಮಾಸ್ತರು, ಅವರ ಕೈಬಿಸಿ. 301ರಲ್ಲಿ ಗೋಧಿಯಿಂದ ಚಪ್ಪಲಿವರೆಗೆ ಎಲ್ಲದಕ್ಕೂ ಬೆಲೆ ಕಟ್ಟಿ, ಮೀರಿದವರಿಗೆ ಮರಣದಂಡನೆ ಅಂತ ಕಲ್ಲಿನಲ್ಲಿ ಕೆತ್ತಿಸಿದ. ಸಾಮಾನು ಅಂಗಡಿಯಿಂದ ಮಾಯವಾಯಿತು. 332ರಲ್ಲಿ ಕಾನ್‌ಸ್ಟಂಟೈನ್ ಮಾಡಿದ ಕಾನೂನು ಓದಿದರೆ ಮೈ ಉರಿಯುತ್ತದೆ. ಗೇಣಿ ಮಾಡುವವನು ಜಮೀನು ಬಿಟ್ಟು ಓಡಿಹೋಗುವ ಯೋಚನೆ ಮಾಡಿದರೂ ಸಾಕು, ಗುಲಾಮನ ಹಾಗೆ ಸರಪಳಿ ಹಾಕಬಹುದು.

ಇಂಥ ದೇಶಕ್ಕಾಗಿ ಯಾರು ಪ್ರಾಣ ಕೊಡುತ್ತಾರೆ? ದಂಡಿಗೆ ಹಿಡಿದುಕೊಂಡು ಹೋಗುತ್ತಾರೆ ಅಂತ ಹುಡುಗರು ತಮ್ಮ ಹೆಬ್ಬೆರಳನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದರು. ಹೆಬ್ಬೆರಳಿಲ್ಲದೆ ಕತ್ತಿ ಹಿಡಿಯಲಾಗದಲ್ಲ, ಅದಕ್ಕೆ. ಹಾಗೆ ಮಾಡಿಕೊಂಡವರನ್ನು ಸುಡಿ ಅಂತ ಒಂದು ಆಜ್ಞೆ ಬಂತು. ಆದರೆ ಆಳು ಸಿಗದೆ 381ರಲ್ಲಿ ಥಿಯೋಡೋಸಿಯಸ್ ಅದನ್ನು ಬದಲಾಯಿಸಿದ. ಹೆಬ್ಬೆರಳಿಲ್ಲದವನೂ ದಂಡಿಗೆ ಬರಲೇಬೇಕು. ಊರವರು ಒಬ್ಬ ಸರಿಯಾದ ಆಳಿನ ಬದಲು ಅಂಥವರನ್ನು ಕೊಡುವುದಾದರೆ ಇಬ್ಬರನ್ನು ಕೊಡಬೇಕು. ಎರಡು ಮುರಿದ ಕೈ ಸೇರಿ ಒಬ್ಬ ಸೈನಿಕ! ಈ ಒಂದು ಕಾನೂನು ಓದಿದ ಮೇಲೆ ಬೇರೆ ಸಾಕ್ಷಿ ಬೇಡ.

ಆದರೂ ಒಂದು ಕೊಡುತ್ತೇನೆ. 449ರಲ್ಲಿ ಪೂರ್ವ ರೋಮ್‌ನ ರಾಯಭಾರಿಗಳ ಜೊತೆ ಪ್ರಿಸ್ಕಸ್ ಎಂಬಾತ ಹೂಣರ ದೊರೆ ಅಟಿಲನ ಪಾಳೆಯಕ್ಕೆ ಹೋದ. ಅಲ್ಲಿ ಹೂಣರ ವೇಷದಲ್ಲಿದ್ದ ಒಬ್ಬ ಇವನಿಗೆ ಗ್ರೀಕಿನಲ್ಲಿ ನಮಸ್ಕಾರ ಹೇಳಿದ. ಹಿಂದೆ ಡ್ಯಾನ್ಯೂಬ್ ದಡದ ರೋಮನ್ ಪಟ್ಟಣದಲ್ಲಿ ವ್ಯಾಪಾರಿಯಾಗಿದ್ದವನು. ಹೂಣರು ಸೆರೆ ಹಿಡಿದರು, ಆಮೇಲೆ ಬಿಡುಗಡೆ ಸಿಕ್ಕಿತು, ಆದರೂ ಊರಿಗೆ ಹೋಗಲಿಲ್ಲ. ಯಾಕಯ್ಯ ಅಂದರೆ, ಅಲ್ಲಿ ತೆರಿಗೆ ಹಿಂಡುತ್ತಾರೆ, ಕೋರ್ಟಿಗೆ ಹೋದರೆ ದುಡ್ಡಿದ್ದವನಿಗೇ ನ್ಯಾಯ, ಇಲ್ಲಿ ನಾನು ನೆಮ್ಮದಿಯಾಗಿದ್ದೇನೆ ಅಂದ. ಪ್ರಿಸ್ಕಸ್ ರೋಮನ್ ಕಾನೂನಿನ ಹಿರಿಮೆ ಬಿಡಿಸಿ ಹೇಳಿದ. ಆ ಮನುಷ್ಯ ಅತ್ತುಬಿಟ್ಟ. ಕಾನೂನು ಒಳ್ಳೆಯದೇ, ಆಳುವವರು ಹಿಂದಿನವರ ಹಾಗಿಲ್ಲ, ಅವರೇ ಕೆಡಿಸುತ್ತಿದ್ದಾರೆ ಅಂದ. ಸ್ವಂತ ಪ್ರಜೆಯೇ ಶತ್ರುವಿನ ಪಾಳೆಯ ವಾಸಿ ಅನ್ನುತ್ತಾನೆ ಅಂದರೆ ಇನ್ನೇನು ಉಳಿಯಿತು?

ಈಗ 408ಕ್ಕೆ ಬರೋಣ. ಗಾಥರ ದೊರೆ ಅಲಾರಿಕ್ ರೋಮ್ ನಗರವನ್ನು ಮುತ್ತಿದ. ಒಳಗೆ ಹಸಿವು. ಸೆನೆಟ್‌ನ ದೂತರು ಹೋಗಿ, ನಮ್ಮ ಜನ ತುಂಬಾ ಇದ್ದಾರೆ, ಯುದ್ಧಕ್ಕೆ ತಯಾರಿದ್ದಾರೆ ಅಂತ ಹೆದರಿಸಲು ನೋಡಿದರು. ಹುಲ್ಲು ದಟ್ಟವಾಗಿದ್ದಷ್ಟೂ ಕೊಯ್ಯುವುದು ಸುಲಭ ಅಂತ ಅಲಾರಿಕ್ ನಕ್ಕ. ಕೊನೆಗೆ ಅವನು ಹೇಳಿದ ಲೆಕ್ಕ ಇದು: 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ, ಕೆಂಪು ಬಣ್ಣ ಹಾಕಿದ 3,000 ತೊಗಲು, 3,000 ಪೌಂಡ್ ಕರಿಮೆಣಸು. ರೋಮನ್ ಪೌಂಡ್ ಅಂದರೆ ಸುಮಾರು 327 ಗ್ರಾಂ. ಆ ಲೆಕ್ಕಕ್ಕೆ ಮೆಣಸು ಹತ್ತು ಕ್ವಿಂಟಲ್‌ಗೆ ಸ್ವಲ್ಪ ಕಡಿಮೆ. ನಮ್ಮ ಪಶ್ಚಿಮ ಘಟ್ಟದ ಬಳ್ಳಿಯಲ್ಲಿ ಬಿಟ್ಟ ಕಾಳು ಒಂದು ಮಹಾನಗರದ ಪ್ರಾಣದ ಬೆಲೆಯಲ್ಲಿ ಸೇರಿಹೋಯಿತು!

ಆದರೆ ನೋಡಬೇಕಾದದ್ದು ಚಿನ್ನದ ಲೆಕ್ಕ. ಅದೇ ಕಾಲದ ಇತಿಹಾಸಕಾರ ಒಲಿಂಪಿಯೋಡೋರಸ್ ಬರೆದಿಟ್ಟಿದ್ದಾನೆ. ರೋಮ್‌ನ ದೊಡ್ಡ ಮನೆತನಗಳಿಗೆ ಜಮೀನಿನಿಂದ ವರ್ಷಕ್ಕೆ 4,000 ಪೌಂಡ್ ಚಿನ್ನ ಬರುತ್ತಿತ್ತು. ಕಾಳು, ವೈನು ಬೇರೆ. ಮಧ್ಯಮ ಶ್ರೀಮಂತ ಅನ್ನಿಸಿಕೊಂಡ ಸಿಮ್ಮಾಕಸ್ ಮಗನ ಪದವಿಯ ಉತ್ಸವಕ್ಕೇ 2,000 ಪೌಂಡ್ ಚಿನ್ನ ಸುರಿದ. ಅಂದರೆ ಅಲಾರಿಕ್ ಕೇಳಿದ್ದು ಅಂಥ ಒಂದೆರಡು ಮನೆಗಳ ಒಂದು ವರ್ಷದ ಆದಾಯ. ಅಷ್ಟನ್ನೂ ಆ ಮಹನೀಯರು ತಾವಾಗಿ ಬಿಚ್ಚಲಿಲ್ಲ. ಕಡಿಮೆ ಬಿದ್ದದ್ದಕ್ಕೆ ದೇವಸ್ಥಾನದ ವಿಗ್ರಹಗಳ ಒಡವೆ ಕಿತ್ತರು. ಕೆಲವು ಚಿನ್ನ ಬೆಳ್ಳಿಯ ವಿಗ್ರಹಗಳನ್ನೇ ಕರಗಿಸಿದರು. ಕರಗಿದವರಲ್ಲಿ ಶೌರ್ಯದ ದೇವತೆಯೂ ಒಬ್ಬಳು.

ಒಳ್ಳೆಯ ಸೇನಾಪತಿಗಳು ಇರಲಿಲ್ಲವಾ? ಇದ್ದರು. ಇವರೇ ಕೊಂದರು. ಪಶ್ಚಿಮವನ್ನು ಹತ್ತು ವರ್ಷಕ್ಕೂ ಮೇಲೆ ಎತ್ತಿ ಹಿಡಿದಿದ್ದ ಸ್ಟಿಲಿಕೋನನ್ನು 408ರ ಆಗಸ್ಟ್‌ನಲ್ಲಿ ಚಕ್ರವರ್ತಿ ಹೊನೋರಿಯಸ್ ಕೊಲ್ಲಿಸಿದ. ಅಷ್ಟಕ್ಕೇ ಬಿಡದೆ ರೋಮನ್ ದಂಡಿನಲ್ಲೇ ದುಡಿಯುತ್ತಿದ್ದ ಹೊರನಾಡಿನ ಸೈನಿಕರ ಹೆಂಡತಿ ಮಕ್ಕಳನ್ನು ಇಟಲಿಯ ಊರೂರಲ್ಲಿ ಕೊಚ್ಚಿಹಾಕಿದರು. ಆ ಗಂಡಸರು, ಸುಮಾರು 30,000 ಮಂದಿ, ನೆಟ್ಟಗೆ ಅಲಾರಿಕ್ ಬಳಿಗೆ ಹೋದರು. ಅವನ ದಂಡನ್ನು ಬೆಳೆಸಿದವರು ಯಾರು ಹೇಳಿ? 454ರಲ್ಲಿ, ಅಟಿಲನನ್ನು ತಡೆದಿದ್ದ ಏಷಿಯಸ್‌ನನ್ನು ವಾಲೆಂಟಿನಿಯನ್ ಚಕ್ರವರ್ತಿ ಸ್ವಂತ ಕೈಯಿಂದ ಇರಿದ. ಒಳ್ಳೆ ಕೆಲಸ ಮಾಡಿದೆನಾ ಅಂತ ಒಬ್ಬನನ್ನು ಕೇಳಿದನಂತೆ. ಒಳ್ಳೆಯದೋ ಕೆಟ್ಟದ್ದೋ ನಾನರಿಯೆ, ಎಡಗೈಯಿಂದ ನಿಮ್ಮ ಬಲಗೈ ಕತ್ತರಿಸಿಕೊಂಡಿರಿ ಅನ್ನುವುದು ಮಾತ್ರ ಗೊತ್ತು ಅಂತ ಉತ್ತರ ಬಂತು. 461ರಲ್ಲಿ ಚಕ್ರವರ್ತಿ ಮೇಜೋರಿಯನ್‌ಗೂ ಅದೇ ಗತಿ. ಕೊಂದವನು ಅವನದೇ ಸೇನಾಪತಿ ರಿಸಿಮರ್.

ವಿರೋಧ: ರೋಗಿಗಳು ಇಬ್ಬರಿದ್ದರು, ಸತ್ತವನು ಒಬ್ಬನೇ

ಮೇಲಿನ ಒಂದೊಂದು ಘಟನೆಯೂ ನಿಜ. ತಕರಾರು ಇರುವುದು ಅವುಗಳಿಂದ ಎಳೆದ ತೀರ್ಮಾನದ ಮೇಲೆ.

ಮೊದಲು ಇಸವಿ ನೋಡಿ. ಸಿಂಹಾಸನ ಹರಾಜಾದದ್ದು 193ರಲ್ಲಿ. ಸಾಮ್ರಾಜ್ಯ ಬಿದ್ದದ್ದು 476ರಲ್ಲಿ. ಮಧ್ಯೆ 283 ವರ್ಷ. ವಿಜಯನಗರ ಹುಟ್ಟಿ, ಮೆರೆದು, ತಾಳಿಕೋಟೆ ಕದನದಲ್ಲಿ ಸೋಲುವವರೆಗೆ ಕಳೆದದ್ದು ಅದಕ್ಕಿಂತ ಕಡಿಮೆ ಕಾಲ. ಇಷ್ಟು ವರ್ಷ ಕೊಲ್ಲದ ರೋಗವನ್ನು ಸಾವಿನ ಕಾರಣ ಅಂತ ಬರೆದರೆ ಯಾವ ಡಾಕ್ಟರೂ ಸಹಿ ಹಾಕುವುದಿಲ್ಲ. ನಾಣ್ಯದ ಕತೆಯೂ ಅರ್ಧಕ್ಕೇ ನಿಂತಿದೆ. ಕಾನ್‌ಸ್ಟಂಟೈನ್ ಒಂದು ಪೌಂಡ್ ಚಿನ್ನಕ್ಕೆ 72ರಂತೆ ಸೋಲಿಡಸ್ ಎಂಬ ನಾಣ್ಯ ಹೊರಡಿಸಿದ. ಅದು ಹನ್ನೊಂದನೇ ಶತಮಾನದವರೆಗೆ ಹೆಚ್ಚುಕಡಿಮೆ ಕಲಬೆರಕೆ ಇಲ್ಲದೆ ನಡೆಯಿತು.

ಇನ್ನು ಮೂರನೇ ಶತಮಾನದ ಗದ್ದಲ ಒಳಗಿನದ್ದೇ ಅನ್ನುವುದೂ ಪೂರ್ತಿ ಸರಿಯಲ್ಲ. 224ರಲ್ಲಿ ಪರ್ಷಿಯಾದಲ್ಲಿ ಸಸಾನಿ ವಂಶ ಗದ್ದುಗೆ ಹತ್ತಿತು. ಅಲ್ಲಿಯವರೆಗೆ ಪೂರ್ವದ ಗಡಿಯಲ್ಲಿದ್ದ ಸಡಿಲ ರಾಜ್ಯದ ಜಾಗದಲ್ಲಿ ರೋಮ್‌ಗೆ ಸರಿಸಮ ಶಕ್ತಿ ಎದ್ದು ನಿಂತಿತು. 260ರಲ್ಲಿ ಚಕ್ರವರ್ತಿ ವಲೇರಿಯನ್ ಅವರ ಕೈಗೆ ಜೀವಂತ ಸಿಕ್ಕಿಬಿದ್ದ. ಅವನ ಸೋಲನ್ನು ಇರಾನಿನ ನಕ್ಷ್-ಎ-ರುಸ್ತಮ್‌ನಲ್ಲಿ ಬಂಡೆಯ ಮೇಲೆ ಕೆತ್ತಿಸಿದ್ದಾರೆ, ಇವತ್ತಿಗೂ ನೋಡಬಹುದು. ದಂಡು ಹೆಚ್ಚಿಸಬೇಕಾಯಿತು, ದಂಡಿಗೆ ದುಡ್ಡು ಬೇಕಾಯಿತು, ಬೆಳ್ಳಿಯಲ್ಲಿ ತಾಮ್ರ ಜಾಸ್ತಿಯಾಯಿತು. ಒಳಗಿನ ಹುಳುಕು ಅಂತ ಕಾಣುವುದರ ಹಿಂದೆ ಎಷ್ಟೋ ಸಲ ಹೊರಗಿನ ಒತ್ತಡ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಪೂರ್ವದ್ದು. ತೆರಿಗೆ ಹಿಂಡುವ ಅಧಿಕಾರಿ ಅಲ್ಲೂ ಇದ್ದ. ಲಂಚ ತಿನ್ನುವ ಜಡ್ಜು ಅಲ್ಲೂ ಇದ್ದ. ಪ್ರಿಸ್ಕಸ್ ಎದುರು ಅತ್ತ ಆ ವ್ಯಾಪಾರಿ ದೂರಿದ್ದೇ ಪೂರ್ವದ ಆಡಳಿತವನ್ನು, ಪಶ್ಚಿಮದ್ದನ್ನಲ್ಲ. ಒಕ್ಕಲಿನವನನ್ನು ಜಮೀನಿಗೆ ಕಟ್ಟಿಹಾಕುವ ಕಾನೂನು ಅಲ್ಲೂ ಬಂತು. ಹೆಬ್ಬೆರಳಿನ ಕಾನೂನು ಮಾಡಿದ ಥಿಯೋಡೋಸಿಯಸ್ ಆಗ ಆಳುತ್ತಿದ್ದದ್ದು ಪೂರ್ವವನ್ನೇ. ಒಂದೇ ಹುಳುಕು ಇಬ್ಬರಿಗೂ ಇದ್ದು ಒಬ್ಬ ಮಾತ್ರ ಸತ್ತರೆ ಕಾರಣ ಬೇರೆ ಕಡೆ ಹುಡುಕಬೇಕು.

ಮಣ್ಣು ಅಗೆದು ನೋಡಿದವರೂ ಬೇರೆಯೇ ಹೇಳುತ್ತಾರೆ. ನಾಲ್ಕನೇ ಶತಮಾನದಲ್ಲಿ ಸಾಮ್ರಾಜ್ಯ ಬಡವಾಗಿ ಪಾಳುಬಿದ್ದಿತ್ತು ಅಂತ ಹಿಂದೆ ಪಾಠ ಹೇಳುತ್ತಿದ್ದರು. ಕಾನೂನು ಪುಸ್ತಕಗಳನ್ನಷ್ಟೇ ಓದಿದ್ದರ ಫಲ ಅದು. (ನಮ್ಮ ಕಾಲದ ಕಾನೂನುಗಳನ್ನಷ್ಟೇ ಓದಿ ನಮ್ಮೂರು ಹೇಗಿತ್ತು ಅಂತ ಬರೆದರೆ ಎಂಥ ಚಿತ್ರ ಬರಬಹುದು, ಯೋಚಿಸಿ.) ಉತ್ತರ ಆಫ್ರಿಕಾದಲ್ಲಿ ಆ ಶತಮಾನದ ಆಲಿವ್ ಎಣ್ಣೆ ಗಾಣಗಳು ಸಾಲುಸಾಲಾಗಿ ಸಿಕ್ಕಿವೆ. ಅಲ್ಲಿಯ ಕೆಂಪು ಮಡಿಕೆ ತಟ್ಟೆಗಳು ಬ್ರಿಟನ್‌ನವರೆಗೂ ಹೋಗಿವೆ. ಸಿರಿಯಾದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ರೈತರು ಕಟ್ಟಿಕೊಂಡ ಕಲ್ಲಿನ ಮನೆಗಳ ಗೋಡೆ ಇವತ್ತಿಗೂ ನಿಂತಿದೆ. ಹೊಟ್ಟೆಗಿಲ್ಲದವರು ಕಟ್ಟುವ ಮನೆಗಳಲ್ಲ ಅವು.

ಹಾಗಾದರೆ ಬದಲಾದದ್ದು ಏನು? 376ರ ಬೇಸಿಗೆ. ಮಧ್ಯ ಏಷ್ಯಾದ ಕಡೆಯಿಂದ ಹೂಣರು ಬಂದರು. ಅವರ ಏಟಿಗೆ ಗಾಥರ ಜನಾಂಗಕ್ಕೆ ಜನಾಂಗವೇ ಹೆಂಡತಿ ಮಕ್ಕಳ ಜೊತೆ ಡ್ಯಾನ್ಯೂಬ್ ದಡಕ್ಕೆ ಬಂದು ಒಳಗೆ ಬಿಡಿ ಅಂತ ಕೇಳಿತು. (ಐದನೇ ಶತಮಾನದ ಮಧ್ಯದಲ್ಲಿ ನಮ್ಮ ವಾಯವ್ಯದಲ್ಲಿ ಸ್ಕಂದಗುಪ್ತನೂ ಹೂಣರ ಜೊತೆ ಹೊಡೆದಾಡಬೇಕಾಯಿತು. ಆ ಹೂಣರೂ ಈ ಹೂಣರೂ ಒಂದೇ ಕುಲವಾ ಅನ್ನುವುದು ಬೇರೆಯದೇ ಜಗಳ.) ಗಡಿಯ ರೋಮನ್ ಅಧಿಕಾರಿಗಳು ಹಸಿದ ಗಾಥರಿಗೆ ನಾಯಿ ಮಾಂಸ ಮಾರಿದರು. ಒಂದು ನಾಯಿಗೆ ಒಂದು ಮಗುವನ್ನು ಗುಲಾಮಗಿರಿಗೆ ಕೊಡಬೇಕು. ಪರ ವಾದದವರು ಇದನ್ನು ಹೇಗೆ ಬಿಟ್ಟರೋ! ಹೇಸಿಗೆಯ ಕೆಲಸವೇ. ಆದರೆ ರೋಮನ್ ಅಧಿಕಾರಿಗಳು ಗಡಿಯಲ್ಲಿ ಅದಕ್ಕೂ ಮೊದಲು ನಾಲ್ಕು ನೂರು ವರ್ಷ ಹೇಸಿಗೆ ಕೆಲಸ ಮಾಡಿಕೊಂಡೇ ಬಂದಿದ್ದರು. ಆಗೆಲ್ಲ ದಂಗೆ ಎದ್ದವರನ್ನು ತುಳಿಯಲು ಆಗುತ್ತಿತ್ತು, ಯಾಕೆಂದರೆ ಎದುರಿಗಿದ್ದವು ಸಣ್ಣಸಣ್ಣ ಗುಂಪು. ಈ ಸಲ ಬಂದದ್ದು ಒಂದು ಇಡೀ ಜನಾಂಗ. 378ರ ಆಗಸ್ಟ್ 9ರಂದು ಏಡ್ರಿಯಾನೋಪಲ್ ಹತ್ತಿರ ಅವರು ಚಕ್ರವರ್ತಿ ವೇಲೆನ್ಸ್‌ನನ್ನೂ ಅವನ ದಂಡಿನ ಮೂರರಲ್ಲಿ ಎರಡು ಪಾಲನ್ನೂ ಮುಗಿಸಿದರು.

406ರ ಕೊನೆಗೆ ವ್ಯಾಂಡಲರು, ಅಲನ್ನರು, ಸ್ವೇಬಿಗಳು ಎಂಬ ಮೂರು ಜನಾಂಗಗಳವರು ಒಟ್ಟಾಗಿ ರೈನ್ ದಾಟಿ ಗಾಲ್‌ಗೆ ನುಗ್ಗಿದರು. ಮೂರು ವರ್ಷದಲ್ಲಿ ಸ್ಪೇನ್ ತಲುಪಿದರು. ಬ್ರಿಟನ್‌ನ ದಂಡು ತನ್ನದೇ ಚಕ್ರವರ್ತಿಯನ್ನು ಎತ್ತಿ ಗಾಲ್‌ಗೆ ಬಂತು. ಅಂತರ್ಯುದ್ಧವೇ, ಒಪ್ಪುತ್ತೇನೆ. ಆದರೆ ಉತ್ತರ ಇಟಲಿಯ ರಾವೆನ್ನಾದಲ್ಲಿ ಕೂತ ಹೊನೋರಿಯಸ್ ನಮ್ಮನ್ನು ಕಾಯುವುದಿಲ್ಲ ಅಂತ ಗೊತ್ತಾದ ಮೇಲೆ ದೂರದ ಪ್ರಾಂತ್ಯದವರು ಹತ್ತಿರದಲ್ಲಿ ಒಬ್ಬ ಚಕ್ರವರ್ತಿಯನ್ನು ಹುಡುಕಿಕೊಂಡರೆ ಅದು ಬರೀ ಅಧಿಕಾರದ ದುರಾಸೆ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿಂದ ಮುಂದೆ ನೋಡಬೇಕಾದದ್ದು ಲೆಕ್ಕದ ಪುಸ್ತಕ. ರೋಮನ್ ಸರ್ಕಾರದ ದೊಡ್ಡ ಆದಾಯ ಅಂದರೆ ಭೂಕಂದಾಯ. ದೊಡ್ಡ ಖರ್ಚು ಅಂದರೆ ದಂಡು. ಶತ್ರು ಒಂದು ಪ್ರಾಂತ್ಯ ತುಳಿದುಕೊಂಡು ಹೋದರೆ ಕಂದಾಯ ಹೋಯಿತು. ಕಂದಾಯ ಹೋದರೆ ಅಷ್ಟು ಸೈನಿಕರ ಸಂಬಳ ಹೋಯಿತು. ಸೈನಿಕರು ಕಡಿಮೆಯಾದರೆ ಇನ್ನೊಂದು ಪ್ರಾಂತ್ಯ ಹೋಯಿತು. ಅಲಾರಿಕ್‌ನ ದಂಡು ಮೇಯ್ದು ಹೋದ ಮೇಲೆ 413ರಲ್ಲಿ ಇಟಲಿಯ ಮಧ್ಯ ಮತ್ತು ದಕ್ಷಿಣದ ಪ್ರಾಂತ್ಯಗಳಿಗೆ ಐದು ವರ್ಷ ತೆರಿಗೆಯ ಐದರಲ್ಲಿ ನಾಲ್ಕು ಪಾಲು ಮನ್ನಾ ಮಾಡಿದರು. ಇಟಲಿಯ ನಡುಮನೆಯಲ್ಲೇ ಹೀಗಾದರೆ ಗಾಲ್, ಸ್ಪೇನ್ ಗತಿ ಊಹಿಸಿಕೊಳ್ಳಿ.

ಇಷ್ಟಾದರೂ ಪಶ್ಚಿಮ ಬದುಕಿತ್ತು. ಬದುಕಿಸಿದ್ದು ಉತ್ತರ ಆಫ್ರಿಕಾ, ಈಗಿನ ಟ್ಯುನೀಶಿಯಾ ಮತ್ತು ಅಲ್ಜೀರಿಯಾದ ಕರಾವಳಿ. ರೋಮ್ ನಗರದ ಗೋಧಿ, ಎಣ್ಣೆ ಅಲ್ಲಿಂದ ಬರುತ್ತಿತ್ತು. ಸೆನೆಟರ್‌ಗಳ ದೊಡ್ಡದೊಡ್ಡ ಎಸ್ಟೇಟುಗಳು ಅಲ್ಲಿದ್ದವು. ಮಧ್ಯೆ ಸಮುದ್ರ, ಆದ್ದರಿಂದ ನಡೆದು ಬರುವ ಶತ್ರುವಿನ ಭಯ ಇಲ್ಲ ಅಂತ ಅಲ್ಲಿ ದಂಡೂ ಕಡಿಮೆ ಇಟ್ಟಿದ್ದರು. 429ರಲ್ಲಿ ವ್ಯಾಂಡಲರ ದೊರೆ ಗೈಸೆರಿಕ್ ಹೆಂಗಸರು ಮಕ್ಕಳು ಸೇರಿ ಸುಮಾರು 80,000 ಜನರನ್ನು ಸ್ಪೇನ್‌ನಿಂದ ದೋಣಿಗಳಲ್ಲಿ ಆಚೆ ದಡಕ್ಕೆ ಸಾಗಿಸಿದ. 439ರ ಅಕ್ಟೋಬರ್ 19ರಂದು, ಒಪ್ಪಂದ ಮುರಿದು, ಕಾರ್ಥೇಜ್ ನಗರವನ್ನು ಹಿಡಿದ. ನನ್ನನ್ನು ಕೇಳಿದರೆ ಶಾಲೆಯ ಪುಸ್ತಕದಲ್ಲಿ 476ರ ಜಾಗದಲ್ಲಿ ಈ ತಾರೀಕು ಇರಬೇಕು.

ಆಗಿನವರಿಗೂ ಇದು ಗೊತ್ತಿತ್ತು. 441ರಲ್ಲಿ ಪೂರ್ವದವರು ದೊಡ್ಡ ನೌಕಾಪಡೆಯನ್ನೇ ಸಿಸಿಲಿಗೆ ಕಳಿಸಿದರು. ಅಷ್ಟರಲ್ಲಿ ಡ್ಯಾನ್ಯೂಬ್ ಕಡೆ ಹೂಣರು ಮೇಲೆ ಬಿದ್ದರು, ಹಡಗುಗಳನ್ನು ವಾಪಸ್ ಕರೆಸಬೇಕಾಯಿತು. 444ರಲ್ಲಿ ವಾಲೆಂಟಿನಿಯನ್ ಹೊರಡಿಸಿದ ಕಾನೂನಿನಲ್ಲಿ ಬಾಯಿಬಿಟ್ಟೇ ಹೇಳಿದ್ದಾನೆ: ಸೈನಿಕರಿಗೆ ಊಟ ಬಟ್ಟೆ ಕೊಡುವುದಕ್ಕೂ ಬರುವ ತೆರಿಗೆ ಸಾಲುತ್ತಿಲ್ಲ. ಅದಕ್ಕೇ ಮಾರಾಟದ ಮೇಲೆ 24ನೇ ಒಂದು ಪಾಲು ಹೊಸ ತೆರಿಗೆ ಹಾಕಿದ, ನಮ್ಮ ಜಿಎಸ್‌ಟಿ ಜಾತಿಯದ್ದು. ಮರುವರ್ಷದ ಇನ್ನೊಂದು ಕಾನೂನು, ವ್ಯಾಂಡಲರು ಬಿಟ್ಟುಕೊಟ್ಟ ಆಫ್ರಿಕಾದ ಎರಡು ಪ್ರಾಂತ್ಯಗಳ ತೆರಿಗೆಯನ್ನು ಹಿಂದಿನ ಎಂಟರಲ್ಲಿ ಒಂದು ಪಾಲಿಗೆ ಇಳಿಸಿತು. ಅಷ್ಟೇ ಹುಟ್ಟುತ್ತಿತ್ತು.

ಈಗ ಪೂರ್ವವನ್ನು ಪಕ್ಕಕ್ಕಿಟ್ಟು ನೋಡಿ. 447ರಲ್ಲಿ ಅಟಿಲ ಪೂರ್ವದ ದಂಡನ್ನು ಚಿಂದಿ ಮಾಡಿದ. ಹಳೆ ಬಾಕಿ 6,000 ಪೌಂಡ್ ಚಿನ್ನ, ಮುಂದೆ ವರ್ಷ ವರ್ಷ 2,100 ಪೌಂಡ್ ಕೊಡಿ ಅಂದ. ಅಲಾರಿಕ್ ಕೇಳಿದ್ದಕ್ಕಿಂತ ಜಾಸ್ತಿ. ಅಲ್ಲಿಯ ಸೆನೆಟರ್‌ಗಳೂ ತಾವಾಗಿ ಕೊಡಲಿಲ್ಲ, ಹೆಂಡತಿಯರ ಒಡವೆ ಸಂತೆಯಲ್ಲಿ ಮಾರುವಷ್ಟು ಹಿಂಡಿ ವಸೂಲು ಮಾಡಿದರು. ಅಷ್ಟು ಕೊಟ್ಟೂ ಪೂರ್ವ ಉಳಿಯಿತು. ಅವರ ಸೆನೆಟರ್‌ಗಳು ಧರ್ಮಾತ್ಮರು ಅಂತಲ್ಲ. ಅವರ ಈಜಿಪ್ಟ್, ಸಿರಿಯಾ, ಏಷ್ಯಾ ಮೈನರ್ ಮೂರೂ ಶತ್ರುವಿಗೆ ಸಿಗದ ಜಾಗದಲ್ಲಿದ್ದವು. ಡ್ಯಾನ್ಯೂಬ್ ದಾಟಿದವನಿಗೆ ಕಾನ್‌ಸ್ಟಾಂಟಿನೋಪಲ್‌ನ ಕೋಟೆ ಮತ್ತು ಅದರಾಚೆ ಸಮುದ್ರ ಅಡ್ಡ. ಆ ಶತಮಾನದಲ್ಲಿ ಪರ್ಷಿಯಾವೂ ಹೆಚ್ಚುಕಡಿಮೆ ತೆಪ್ಪಗಿತ್ತು. ಪಶ್ಚಿಮಕ್ಕೆ ಇದ್ದ ಒಂದೇ ಅಂಥ ಜಾಗ ಆಫ್ರಿಕಾ. ಅದೇ ಹೋಯಿತು.

ವಾಪಸ್ ಪಡೆಯಲು ಕೊನೆಯ ಸಲ ನೋಡಿದ್ದು 468ರಲ್ಲಿ. ಪೂರ್ವದ ಚಕ್ರವರ್ತಿ ಲಿಯೋ 60,000 ಪೌಂಡ್‌ಗೂ ಹೆಚ್ಚು ಚಿನ್ನ ಸುರಿದು ಸಾವಿರಕ್ಕೂ ಮಿಕ್ಕಿ ಹಡಗು ಕಟ್ಟಿಸಿದ. ಬಿಟ್ಟಿ ಬಿದ್ದವರು ಅಂತ ಪಶ್ಚಿಮವನ್ನು ಕೈಬಿಡಲಿಲ್ಲ, ನೋಡಿ. ಸಾರಥ್ಯ ಲಿಯೋನ ಭಾವಮೈದುನ ಬೆಸಿಲಿಸ್ಕಸ್‌ನದ್ದು. ಹಡಗುಗಳು ಕಾರ್ಥೇಜ್ ಸಮೀಪ ಬಂದು ನಿಂತವು. ಐದು ದಿನ ಯೋಚಿಸಲು ಸಮಯ ಕೊಡಿ ಅಂತ ಗೈಸೆರಿಕ್ ಕೇಳಿಕೊಂಡ. ಕೊಟ್ಟರು. ಆ ಐದು ದಿನದಲ್ಲಿ ಗಾಳಿ ತಿರುಗಿತು. ವ್ಯಾಂಡಲರು ಖಾಲಿ ದೋಣಿಗಳಿಗೆ ಬೆಂಕಿ ಹಚ್ಚಿ ಗಾಳಿಗೆ ಬಿಟ್ಟರು. ಒತ್ತೊತ್ತಾಗಿ ಲಂಗರು ಹಾಕಿದ್ದ ರೋಮನ್ ಹಡಗುಗಳು ಒಂದರಿಂದ ಒಂದಕ್ಕೆ ಹೊತ್ತಿಕೊಂಡವು.

ಬೆಸಿಲಿಸ್ಕಸ್ ಲಂಚ ತಿಂದು ಸಮಯ ಕೊಟ್ಟ ಅಂತ ಆಗಲೇ ಪುಕಾರು ಇತ್ತು. ಪರ ವಾದದವರು ಇದನ್ನೂ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಲಿ. ಆದರೆ ಅವನು ಪೂರ್ವದವನು. ಊರಿಗೆ ಓಡಿಬಂದು ಹೇಗಿಯಾ ಸೋಫಿಯಾ ಚರ್ಚಿನಲ್ಲಿ ಅಡಗಿ ಕೂತ, ಲಿಯೋನ ರಾಣಿಯಾಗಿದ್ದ ತನ್ನ ಸಹೋದರಿಯ ಶಿಫಾರಸಿನಿಂದ ಉಳಿದ. ಖಜಾನೆ ಬರಿದಾಯಿತು. ಅಂಥ ಮೂರ್ಖತನ ಮಾಡಿಯೂ ಪೂರ್ವ ಮತ್ತೆ ಚೇತರಿಸಿಕೊಂಡಿತು. ಪಶ್ಚಿಮಕ್ಕೆ ಚೇತರಿಸಿಕೊಳ್ಳಲು ಜಮೀನೇ ಉಳಿದಿರಲಿಲ್ಲ.

ಸಂಬಳ ನಿಂತರೆ ಗಡಿಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಡ್ಯಾನ್ಯೂಬ್ ದಡದ ಬಟಾವಿಸ್ ಠಾಣೆಯ ಕತೆ ಇದೆ, ಈಗಿನ ಜರ್ಮನಿಯ ಪಾಸಾವ್. ಬೇರೆ ಠಾಣೆಗಳ ಸೈನಿಕರು ಸಂಬಳ ಬರುವುದು ನಿಂತ ಮೇಲೆ ಚದುರಿಹೋದರು. ಬಟಾವಿಸ್‌ನವರು ಮಾತ್ರ ಕಾದರು. ಕೊನೆಗೆ, ಬರಬೇಕಾದ ಸಂಬಳ ತರೋಣ ಅಂತ ಕೆಲವರು ಇಟಲಿಗೆ ಹೊರಟರು. ದಾರಿಯಲ್ಲೇ ಅವರನ್ನು ಕೊಂದುಹಾಕಿದರು. ನದಿಯಲ್ಲಿ ಹೆಣ ತೇಲಿ ಬಂದಾಗಲೇ ಠಾಣೆಯಲ್ಲಿದ್ದವರಿಗೆ ಗೊತ್ತಾದದ್ದು. ಈ ಸೈನಿಕರಿಗೆ ದೇಶ ಬೇಡವಾಗಿತ್ತು ಅಂತ ಯಾವ ಬಾಯಲ್ಲಿ ಹೇಳುವುದು?

476ರಲ್ಲಿ ನಡೆದದ್ದೂ ಇದರದ್ದೇ ಮುಂದುವರಿಕೆ. ಇಟಲಿಯಲ್ಲಿದ್ದ ಹೊರನಾಡಿನ ಸೈನಿಕರು ನಮಗೆ ಇಲ್ಲಿನ ಜಮೀನಿನಲ್ಲಿ ಮೂರರಲ್ಲಿ ಒಂದು ಪಾಲು ಕೊಡಿ ಅಂದರು. ಹುಡುಗ ಚಕ್ರವರ್ತಿ ರೊಮ್ಯುಲಸ್ ಅಗಸ್ಟುಲಸ್‌ನ ಹೆಸರಿನಲ್ಲಿ ಆಳುತ್ತಿದ್ದ ಅವನ ಅಪ್ಪ ಓರೆಸ್ಟಿಸ್ ಆಗುವುದಿಲ್ಲ ಅಂದ. ಸೈನಿಕರು ತಮ್ಮಲ್ಲೇ ಒಬ್ಬನಾದ ಓಡೊವಾಕರ್‌ನನ್ನು ದೊರೆ ಮಾಡಿಕೊಂಡು ಓರೆಸ್ಟಿಸ್‌ನನ್ನು ಕೊಂದರು. ಹುಡುಗನನ್ನು ಕೊಲ್ಲುವ ಗೋಜಿಗೂ ಹೋಗದೆ, ವರ್ಷಕ್ಕೆ 6,000 ಸೋಲಿಡಸ್ ಜೀವನಾಂಶ ಕೊಟ್ಟು ಕಂಪಾನಿಯಾಕ್ಕೆ ಕಳಿಸಿದರು. ಜಮೀನು ಕೇಳಿದ ಆ ಸೈನಿಕರಿಗೆ ಚಿನ್ನದಲ್ಲಿ ಸಂಬಳ ಕೊಡುವ ದಾರಿ ಓರೆಸ್ಟಿಸ್‌ಗೆ ಇರಲಿಲ್ಲ. ಕಾರ್ಥೇಜ್ ಕೈತಪ್ಪಿ ಆಗಲೇ 37 ವರ್ಷವಾಗಿತ್ತು.